ಯಾರ ಮಗಳು?

ಆಕಾಶದಲ್ಲಿ ನಡೆಯುವ ಕಾಲ್ಪನಿಕ ಯುದ್ಧದ ಚಲನಚಿತ್ರಗಳನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗಾದರೂ ತೋರೀತು. ಅಡಕೆಗೆ ಬಂದ ಎಲೆಚುಕ್ಕಿ ರೋಗ, ಮಳೆಗಾಲದಲ್ಲಿ ಕುಸಿಯುವ ಘಟ್ಟದ ರಸ್ತೆ, ಸಂಜೆಯ ಬಸ್ಸಿನ ನೂಕುನುಗ್ಗಲು, ಹೀಗೆ ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆಯ ವಿದ್ಯಾರ್ಥಿಗೆ ಬರೆಯಲು ವಿಷಯಗಳ ಬರಗಾಲವೇನೂ ಇಲ್ಲ. ಗುರುಗಳೂ ಹಾಗೆಯೇ ಸೂಚಿಸಿದ್ದರು. ಆದರೆ ಈ ಮೂರು ವರ್ಷಗಳಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದ ಹೊತ್ತಿಗೆ ನಮ್ಮ ಹಿಂದಿನ ಬೆಂಚಿನಲ್ಲಿ ಅತಿ ಹೆಚ್ಚು ಸಲ ನಡೆದ ವಾಗ್ಯುದ್ಧ ಯಾವುದೆಂದು ಕೇಳಿದರೆ, ಸಹಪಾಠಿಗಳೆಲ್ಲ ಒಪ್ಪುವ ಉತ್ತರ ಒಂದೇ: 'ಸ್ಟಾರ್ ವಾರ್ಸ್' ಚಿತ್ರಮಾಲೆಯನ್ನು ಅದರ ಯಜಮಾನರು ಕೆಡಿಸಿದರೋ ಇಲ್ಲವೋ ಎಂಬುದು. ಗಂಟೆ ಹೊಡೆದುದರಿಂದ ಪ್ರತಿಸಲವೂ ಅರ್ಧಕ್ಕೆ ನಿಂತ ನನ್ನ ವಾದವನ್ನು ಇಲ್ಲಿ ಪೂರ್ತಿಮಾಡುತ್ತೇನೆ. ನಡುವೆ ಬಾಯಿಹಾಕುವವರಿಲ್ಲವೆಂಬುದು ಬರವಣಿಗೆಯ ಒಂದು ದೊಡ್ಡ ಅನುಕೂಲ.

ನೋಡದಿದ್ದವರಿಗಾಗಿ ನಾಲ್ಕು ಮಾತು. ಅಮೆರಿಕದ ಜಾರ್ಜ್ ಲ್ಯೂಕಸ್ ಎಂಬ ನಿರ್ದೇಶಕರು ೧೯೭೭ರಲ್ಲಿ ಈ ಮಾಲೆಯ ಮೊದಲ ಚಿತ್ರವನ್ನು ತೆಗೆದರು. ೧೯೮೦ ಮತ್ತು ೧೯೮೩ರಲ್ಲಿ ಅದರ ಮುಂದಿನ ಎರಡು ಭಾಗಗಳು ಬಂದವು. ೧೯೯೯ರಿಂದ ೨೦೦೫ರೊಳಗೆ, ಕಥೆಯ ಪೂರ್ವಭಾಗವನ್ನು ಹೇಳುವ ಇನ್ನು ಮೂರು. ಬಾಹ್ಯಾಕಾಶದ ಹಡಗು, ಯಂತ್ರಮಾನವ, ಬೆಳಕಿನ ಕತ್ತಿ ಎಲ್ಲವೂ ಇದ್ದರೂ ತಿರುಳಿನಲ್ಲಿ ಅದು ನಮಗೆ ಅಪರಿಚಿತವಾದ ಕಥೆಯೇನೂ ಅಲ್ಲ. ಒಬ್ಬ ದುಷ್ಟ ಚಕ್ರವರ್ತಿ, ಅವನ ಸೇವೆಗಿಳಿದ ಒಬ್ಬ ತಂದೆ, ತನ್ನ ತಂದೆ ಯಾರೆಂದು ಸರಿಯಾಗಿ ಅರಿಯದೆ ಮರುಭೂಮಿಯ ಹೊಲಮನೆಯಲ್ಲಿ ಬೆಳೆದ ಒಬ್ಬ ಮಗ. ಆ ಮಗನ ಹೆಸರು ಲ್ಯೂಕ್ ಸ್ಕೈವಾಕರ್. ಇದರಲ್ಲಿ ವಿಜ್ಞಾನ ಕಡಮೆ, ಪುರಾಣವೇ ಹೆಚ್ಚು ಎನ್ನುವವರಿದ್ದಾರೆ. ಆ ಮಾತು ನನಗೂ ಒಪ್ಪಿಗೆ, ನನಗೆ ಇದು ರುಚಿಸಿದ್ದೂ ಅದೇ ಕಾರಣಕ್ಕೆ. ೨೦೧೨ರಲ್ಲಿ ಲ್ಯೂಕಸರು ತಮ್ಮ ಸಂಸ್ಥೆಯನ್ನು ಸುಮಾರು ೪೦೫ ಕೋಟಿ ಡಾಲರಿಗೆ ಡಿಸ್ನಿ ಕಂಪೆನಿಗೆ ಮಾರಿದರು. ಆ ಬಳಿಕ ೨೦೧೫, ೨೦೧೭, ೨೦೧೯ರಲ್ಲಿ ಬಂದ ಮೂರು ಚಿತ್ರಗಳೇ ನಮ್ಮ ಜಗಳದ ಮೂಲ.

ನಾನು ಇವನ್ನೆಲ್ಲ ನೋಡಿದ್ದು ೨೦೨೦ರ ಲಾಕ್‌ಡೌನಿನಲ್ಲಿ, ಒಂಬತ್ತನೆಯ ತರಗತಿಯವರನ್ನು ಪರೀಕ್ಷೆಯಿಲ್ಲದೆ ತೇರ್ಗಡೆ ಮಾಡಿದ ವರ್ಷ. ಕಡಬದಿಂದ ಒಳಗಿರುವ ನಮ್ಮ ಮನೆಗೆ ನೆಟ್‌ವರ್ಕ್ ಬರುತ್ತಿರಲಿಲ್ಲ. ಮಾಸ್ಟರರ ಪಾಠ ಕೇಳಬೇಕಾದರೂ ಕೊಡೆ ಹಿಡಿದು ಗುಡ್ಡ ಹತ್ತಬೇಕು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಭಾವ, ನನ್ನ ಅತ್ತೆಯ ಮಗ, ಊರಿಗೆ ಬಂದವನು ಮರಳಿ ಹೋಗಲಾರದೆ ಎರಡು ತಿಂಗಳು ನಮ್ಮಲ್ಲೇ ಉಳಿದ. ಅವನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂಬತ್ತು ಚಿತ್ರಗಳೂ ಇದ್ದವು. ಕರೆಂಟು ಇದ್ದಾಗ ಜಗಲಿಯಲ್ಲಿ ಕುಳಿತು, ಪರದೆಯ ಅಡಿಯಲ್ಲಿ ಓಡುವ ಇಂಗ್ಲಿಷ್ ಅಕ್ಷರಗಳನ್ನು ತಡೆತಡೆದು ಓದುತ್ತ ಒಂದೊಂದಾಗಿ ನೋಡಿದೆ. ಕನ್ನಡ ಮಾಧ್ಯಮದ ನನಗೆ ಇಂಗ್ಲಿಷ್ ಎಷ್ಟು ಬಂದಿದೆಯೋ ಅದರಲ್ಲಿ ಅರ್ಧ ಆ ಜಗಲಿಯ ಸಂಪಾದನೆ. ಅಮ್ಮ ಪಕ್ಕದಲ್ಲಿ ಗೆರಸೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಅವಳಿಗೆ ಆ ಮಾತು ತಿಳಿಯದು, ನಡುನಡುವೆ ತಲೆಯೆತ್ತಿ, "ಇವನು ಒಳ್ಳೆಯವನಾ ಕೆಟ್ಟವನಾ?" ಎಂದು ವಿಚಾರಿಸಿ ಮತ್ತೆ ಎಲೆಗೆ ಕೈಹಾಕುವಳು.

೨೦೧೫ರ ಚಿತ್ರದ ನಾಯಕಿಯ ಹೆಸರು ರೇ. ಮರಳುಗಾಡಿನ ಒಂದು ಗ್ರಹದಲ್ಲಿ, ಹಿಂದಿನ ಯುದ್ಧದಲ್ಲಿ ಉರುಳಿಬಿದ್ದ ಹಡಗುಗಳ ಹೊಟ್ಟೆಯೊಳಕ್ಕೆ ಹೊಕ್ಕು, ಬಿಡಿಭಾಗಗಳನ್ನು ಕಿತ್ತು ತಂದು, ಉಜ್ಜಿ ಚೊಕ್ಕಟಮಾಡಿ, ವ್ಯಾಪಾರಿಯ ಕಟ್ಟೆಗೆ ಒಯ್ಯುತ್ತಾಳೆ. ಅವನು ಅವನ್ನು ತಿರುವಿ ನೋಡಿ, ಇಷ್ಟಕ್ಕೆ ಇಷ್ಟೇ ಎಂದು ಊಟದ ಪೊಟ್ಟಣದ ಒಂದು ಪಾಲನ್ನು ಮುಂದಕ್ಕೆ ತಳ್ಳುತ್ತಾನೆ. ಕಳೆದ ವಾರ ಅದೇ ಮಾಲಿಗೆ ಹೆಚ್ಚು ಕೊಟ್ಟಿದ್ದ. ಈ ವಾರ ಕಡಮೆ. ಕೇಳಿ ಪ್ರಯೋಜನವಿಲ್ಲ. ಈ ದೃಶ್ಯ ಬಂದಾಗ ಅಮ್ಮ ಕೈ ನಿಲ್ಲಿಸಿ ಪೂರ್ತಿ ನೋಡಿದಳು. ಬೀಡಿ ಕಟ್ಟುವ ಮನೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಟ್ಟಿದ್ದನ್ನೆಲ್ಲ ಚೀಲಕ್ಕೆ ತುಂಬಿ ಬ್ರಾಂಚಿಗೆ ಒಯ್ದು ಸಾಲಿನಲ್ಲಿ ನಿಂತರೆ, ನೋಡಿ ತೆಗೆದುಕೊಳ್ಳುವವನು ಒಂದು ಕಟ್ಟನ್ನು ಎತ್ತಿ, ಬೆರಳಲ್ಲಿ ಹಿಸುಕಿ, ಇಷ್ಟು ಸರಿಯಿಲ್ಲವೆಂದು ಬದಿಗೆ ಹಾಕುತ್ತಾನೆ. ಬದಿಗೆ ಬಿದ್ದುದಕ್ಕೆ ಕೂಲಿಯಿಲ್ಲ. ಎಲೆ ಕಡಮೆ ಬಿದ್ದರೆ ಅದರ ಲೆಕ್ಕ ಬೇರೆ. ಹತ್ತನೆಯ ವಯಸ್ಸಿನಿಂದ ಆ ಚೀಲ ಹೊತ್ತು ಅಮ್ಮನ ಹಿಂದೆ ನಡೆದವನು ನಾನು. ಆದುದರಿಂದ ರೇ ನನಗೆ ಪರದೇಶದವಳಾಗಿ ಕಾಣಲೇ ಇಲ್ಲ.

ಅವಳ ತಂದೆತಾಯಿ ಯಾರೆಂಬುದು ಆ ಚಿತ್ರದಲ್ಲಿ ಗುಟ್ಟಾಗಿಯೇ ಉಳಿಯಿತು. ಮುಂದಿನ ಎರಡು ವರ್ಷ ಅಭಿಮಾನಿಗಳು ಊಹೆಗಳ ಗೋಪುರವನ್ನೇ ಕಟ್ಟಿದರು. ಲ್ಯೂಕನ ಮಗಳಿರಬೇಕು, ಅವನ ಗುರುವಿನ ಮೊಮ್ಮಗಳಿರಬೇಕು, ಅಂತೂ ದೊಡ್ಡ ಮನೆಯವಳೇ ಇರಬೇಕು. ಇಷ್ಟು ಶಕ್ತಿ ಬೇರೆ ಎಲ್ಲಿಂದ ಬಂದೀತು ಎಂಬುದು ಅವರ ತರ್ಕ. ೨೦೧೭ರ ಡಿಸೆಂಬರಿನಲ್ಲಿ ರಾಯನ್ ಜಾನ್ಸನ್ ನಿರ್ದೇಶಿಸಿದ 'ದಿ ಲಾಸ್ಟ್ ಜೆಡೈ' ಬಂತು. ಅದರಲ್ಲಿ ಉತ್ತರ ಸಿಕ್ಕಿತು: ಯಾರೂ ಅಲ್ಲ. ಕುಡಿತದ ಕಾಸಿಗಾಗಿ ಮಗಳನ್ನು ಮಾರಿಹೋದ, ಹೆಸರಿಲ್ಲದ ಗುಜರಿಯವರು. ಆದರೂ ಶಕ್ತಿ ಅವಳಲ್ಲಿತ್ತು. ಅದೇ ಚಿತ್ರದ ಕೊನೆಯಲ್ಲಿ ಪ್ರಾಣಿಗಳ ಲಾಯ ಗುಡಿಸುವ ಒಬ್ಬ ಆಳುಹುಡುಗ ಕೈಚಾಚುತ್ತಾನೆ. ಗೋಡೆಗೆ ಒರಗಿಸಿದ್ದ ಹಿಡಿಸೂಡಿ ತಾನಾಗಿಯೇ ಅವನ ಕೈಗೆ ಬರುತ್ತದೆ. ಎರಡು ಕ್ಷಣದ ದೃಶ್ಯ ಅದು. ನಾನು ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ.

ನಮ್ಮೂರಿನಲ್ಲಿ ಯಾವ ಅಂಗಳಕ್ಕೆ ಕಾಲಿಟ್ಟರೂ ಎದುರಾಗುವ ಮೊದಲ ಪ್ರಶ್ನೆ, "ನೀನು ಯಾರ ಮಗ?" ಎಂಬುದು. ಕೇಳುವವರಲ್ಲಿ ಕೆಡುಕಿರುವುದಿಲ್ಲ, ಕುಶಲ ವಿಚಾರಿಸುವ ರೀತಿಯೇ ಅದು. ಆದರೆ ಉತ್ತರ ಹೇಳಿದ ಮೇಲೆ ಕೇಳಿದವರ ಮುಖದಲ್ಲಾಗುವ ಬದಲಾವಣೆಯನ್ನು ನೋಡುತ್ತ ಬೆಳೆದವರಿಗೆ ಆ ಪ್ರಶ್ನೆಯ ತೂಕ ಗೊತ್ತು. "ಓ, ಅವನ ಮಗನಾ" ಎಂಬ ಒಂದು ಮಾತಿನಲ್ಲಿ ನಾವು ಕುಳಿತುಕೊಳ್ಳುವ ಜಾಗ, ಕೊಡುವ ಲೋಟ, ಕರೆಯುವ ಹೆಸರು ಎಲ್ಲವೂ ತೀರ್ಮಾನವಾಗಿಬಿಡುತ್ತದೆ. ಕಾಲೇಜಿಗೆ ಸೇರುವಾಗ ತುಂಬಿಸಿದ ಅರ್ಜಿಯಲ್ಲಿಯೂ ತಂದೆಯ ವಿದ್ಯಾರ್ಹತೆ, ತಾಯಿಯ ವಿದ್ಯಾರ್ಹತೆ ಎಂದು ಎರಡು ಚೌಕಗಳಿದ್ದವು. ಒಂದರಲ್ಲಿ ನಾಲ್ಕನೆಯ ತರಗತಿ ಎಂದು ಬರೆದೆ. ಇನ್ನೊಂದರಲ್ಲಿ ಒಂದು ಗೆರೆ ಎಳೆದೆ. ಇಂಥ ಗೆರೆ ಎಳೆದವರು ಈ ಕಾಲೇಜಿನಲ್ಲಿ ನಾನೊಬ್ಬನೇ ಅಲ್ಲ. ಯಾರ ಮಗಳೂ ಅಲ್ಲದವಳು ಕಥೆಯ ನಡುಮನೆಯಲ್ಲಿ ನಿಲ್ಲಬಹುದೆಂದು ಅಷ್ಟು ದುಡ್ಡು ಸುರಿದು ತೆಗೆದ ಒಂದು ಚಿತ್ರ ಹೇಳಿದರೆ ನಮ್ಮಂಥವರಿಗೆ ಆಗುವ ಸಂತೋಷವನ್ನು ಊಹಿಸಿಕೊಳ್ಳಬಹುದು.

ಆ ಚಿತ್ರಕ್ಕೆ ಅಭಿಮಾನಿಗಳಿಂದ ಬಿದ್ದ ಬೈಗಳು ಮಾತ್ರ ಅಷ್ಟಿಷ್ಟಲ್ಲ. ಮುಖ್ಯ ಆಕ್ಷೇಪ ಲ್ಯೂಕನದು. ಮೊದಲ ಮೂರು ಚಿತ್ರಗಳಲ್ಲಿ ಯಾರ ಮೇಲೂ ಭರವಸೆ ಕಳೆದುಕೊಳ್ಳದ ಆ ವೀರ ಇಲ್ಲಿ ಮುದುಕನಾಗಿ, ಒಂದು ದ್ವೀಪದಲ್ಲಿ ಅಡಗಿ, ತನ್ನಿಂದ ಯಾರಿಗೂ ಒಳಿತಾಗದೆಂದು ಕೈಚೆಲ್ಲಿ ಕುಳಿತಿದ್ದಾನೆ. ಈ ಅಸಮಾಧಾನದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಕಡಲ ದಡದಲ್ಲಿ ಜಾಂಬವಂತ ಎಬ್ಬಿಸಿದರೂ ಹನುಮಂತ ಏಳದೆ ಕುಳಿತುಬಿಟ್ಟರೆ ಆಟ ನೋಡುವವರು ಸುಮ್ಮನಿದ್ದಾರೆಯೇ? ನನಗೆ ಆ ಮುದುಕ ಲ್ಯೂಕ್ ಹಿಡಿಸಿದ. ನನ್ನ ಗೆಳೆಯರಲ್ಲಿ ಹೆಚ್ಚಿನವರಿಗೆ ಹಿಡಿಸಲಿಲ್ಲ. ರುಚಿಯ ಮಾತು, ಇರಲಿ.

ಆದರೆ ಸಿಟ್ಟು ಚಿತ್ರದ ಮೇಲೆ ನಿಲ್ಲಲಿಲ್ಲ. ಅದರಲ್ಲಿ ರೋಸ್ ಎಂಬ ಒಬ್ಬ ಮೆಕ್ಯಾನಿಕ್ ಹುಡುಗಿಯ ಪಾತ್ರವಿದೆ. ಅದನ್ನು ವಹಿಸಿದವರು ಕೆಲ್ಲಿ ಮೇರಿ ಟ್ರಾನ್, ಅಮೆರಿಕಕ್ಕೆ ನಿರಾಶ್ರಿತರಾಗಿ ಬಂದ ವಿಯೆಟ್ನಾಮೀ ದಂಪತಿಗಳ ಮಗಳು. ಅವರ ಬಣ್ಣ, ಮೈಕಟ್ಟು, ಕುಲ ಎಲ್ಲವನ್ನೂ ಎತ್ತಿ ಆಡಿದವರ ಕಾಟ ತಾಳಲಾರದೆ ೨೦೧೮ರ ಜೂನಿನಲ್ಲಿ ಅವರು ಇನ್‌ಸ್ಟಾಗ್ರಾಮಿನಲ್ಲಿದ್ದ ತಮ್ಮ ಚಿತ್ರಗಳನ್ನೆಲ್ಲ ಅಳಿಸಿಹಾಕಿದರು. ಇದು ಮೊದಲ ಸಲವೂ ಅಲ್ಲ. ೧೯೯೯ರ ಚಿತ್ರದಲ್ಲಿ ಹಾಸ್ಯಪಾತ್ರ ವಹಿಸಿದ್ದ ಅಹ್ಮದ್ ಬೆಸ್ಟ್, ಆಗ ಬಂದ ನಿಂದೆಯಿಂದ ತಾವು ಪ್ರಾಣ ಕಳೆದುಕೊಳ್ಳುವ ಯೋಚನೆಗೆ ಬಂದಿದ್ದುದನ್ನು ಅದೇ ೨೦೧೮ರಲ್ಲಿ ಹೇಳಿಕೊಂಡರು. ಅಭಿಮಾನವೆಂದರೆ ಇದೇ ಆದರೆ ಅಂಥ ಅಭಿಮಾನಿಗಳ ಸಾಲಿನಲ್ಲಿ ನನ್ನ ಹೆಸರು ಬೇಡ. ನಮ್ಮ ಬೆಂಚಿನಲ್ಲಿಯೂ ಒಮ್ಮೆ ಮಾತು ಆ ದಾರಿಗೆ ತಿರುಗಿದಾಗ, ಕೊನೆಯಲ್ಲಿ ಕೂರುವ ಸುಳ್ಯದ ಗೆಳತಿ ಎದ್ದುಹೋದಳು. ಅವಳು ವಾದದಲ್ಲಿ ಎಂದೂ ಸೋಲುವವಳಲ್ಲ. ಅಂದು ಎದ್ದುಹೋದದ್ದು ಸೋತು ಅಲ್ಲ.

ಇನ್ನು ೨೦೧೯ರ ಚಿತ್ರ. 'ದಿ ರೈಸ್ ಆಫ್ ಸ್ಕೈವಾಕರ್' ಎಂದು ಹೆಸರು. ನಿರ್ದೇಶಕರು ೨೦೧೫ರ ಚಿತ್ರದ ಜೆ. ಜೆ. ಏಬ್ರಾಮ್ಸ್. ೧೯೮೩ರಲ್ಲಿಯೇ ಸತ್ತ ಚಕ್ರವರ್ತಿ ಇದರಲ್ಲಿ ಹೇಗೋ ಬದುಕಿಬರುತ್ತಾನೆ. ಬರಲಿ, ನಮ್ಮ ಆಟಗಳಲ್ಲಿಯೂ ರಕ್ಕಸರು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಆದರೆ ಅರ್ಧ ಕಳೆಯುವ ಹೊತ್ತಿಗೆ ತಿಳಿಯುತ್ತದೆ: ರೇ ಯಾರ ಮಗಳೂ ಅಲ್ಲದವಳಲ್ಲ, ಅವಳು ಆ ಚಕ್ರವರ್ತಿಯ ಮೊಮ್ಮಗಳು! ಅವಳ ಶಕ್ತಿಯೆಲ್ಲ ಅಜ್ಜನಿಂದ ಬಂದದ್ದು. ರೋಸ್ ಎಂಬ ಹುಡುಗಿಗೆ ಆ ಚಿತ್ರದಲ್ಲಿ ಸಿಕ್ಕಿದ್ದು ಒಂದೆರಡು ನಿಮಿಷ. ಹಿಡಿಸೂಡಿಯ ಹುಡುಗನ ಸುದ್ದಿಯೇ ಇಲ್ಲ. ಕೊನೆಗೆ ನಿನ್ನ ಹೆಸರೇನೆಂದು ಒಬ್ಬ ಮುದುಕಿ ಕೇಳಿದಾಗ ರೇ ತನ್ನನ್ನು ಸ್ಕೈವಾಕರ್ ಎಂದು ಹೇಳಿಕೊಳ್ಳುತ್ತಾಳೆ. ಅಂದರೆ ಒಂದು ದೊಡ್ಡ ಮನೆತನವನ್ನು ಬಿಟ್ಟ ಮೇಲೆ ಇನ್ನೊಂದು ದೊಡ್ಡ ಮನೆತನದ ಹೆಸರು ಬೇಕೇಬೇಕಾಯಿತು; ಬರಿಯ ರೇ ಆಗಿ ಉಳಿಯಲು ಕಥೆ ಅವಳಿಗೆ ಅಪ್ಪಣೆ ಕೊಡಲಿಲ್ಲ. ಲ್ಯಾಪ್‌ಟಾಪು ಮುಚ್ಚಿದಾಗ ನನಗೆ ಬಂದ ಸಿಟ್ಟನ್ನು ನೋಡಿ ಭಾವ, "ಎಂತ ಮಾರಾಯ, ನಿನ್ನ ತೋಟ ಯಾರಾದರೂ ಬರೆಸಿಕೊಂಡರಾ?" ಎಂದು ನಕ್ಕ.

ಇದಕ್ಕೆ ಹೊಣೆ ಯಾರು? ಅಭಿಮಾನಿಗಳಲ್ಲಿ ಬಹಳ ಮಂದಿಗೆ ಒಂದೇ ಉತ್ತರ: ೨೦೧೨ರಿಂದ ಈ ಎಲ್ಲ ವರ್ಷಗಳಲ್ಲಿ ಲ್ಯೂಕಸ್‌ಫಿಲ್ಮ್ ಸಂಸ್ಥೆಯ ಮುಖ್ಯಸ್ಥೆಯಾಗಿದ್ದ ಕ್ಯಾಥ್ಲೀನ್ ಕೆನಡಿ. ಹೆಂಗಸಿಗೆ ಇದೆಲ್ಲ ಎಲ್ಲಿ ಗೊತ್ತು ಎಂಬ ಧಾಟಿಯ ಮಾತುಗಳನ್ನು ನಾನು ಗಣನೆಗೆ ತರುವುದಿಲ್ಲ. ಸ್ಪೀಲ್‌ಬರ್ಗರೊಡನೆ ೧೯೮೨ರ 'ಇ.ಟಿ.' ಚಿತ್ರವನ್ನೂ ೧೯೯೩ರ 'ಜುರಾಸಿಕ್ ಪಾರ್ಕ್' ಚಿತ್ರವನ್ನೂ ನಿರ್ಮಿಸಿದವರಿಗೆ ಸಿನಿಮಾ ಗೊತ್ತಿಲ್ಲವೆಂದರೆ ಇನ್ನು ಯಾರಿಗೆ ಗೊತ್ತು? ನನ್ನ ದೂರು ಬೇರೆ. ಮೂರು ಭಾಗದ ಒಂದೇ ಕಥೆಯನ್ನು ಆಡಹೊರಟವರು ಮೂರಕ್ಕೂ ಒಪ್ಪುವ ಒಂದು ಪ್ರಸಂಗಪುಸ್ತಕವನ್ನು ಮೊದಲೇ ಬರೆಸಿಡಲಿಲ್ಲ. ಮೊದಲ ಭಾಗ ಏಬ್ರಾಮ್ಸರಿಗೆ, ಎರಡನೆಯದು ಜಾನ್ಸನ್ನರಿಗೆ, ಮೂರನೆಯದು ಕಾಲಿನ್ ಟ್ರೆವರೋ ಎಂಬವರಿಗೆ. ಅವರು ೨೦೧೭ರ ಸೆಪ್ಟೆಂಬರಿನಲ್ಲಿ ಹೊರಬಿದ್ದು ಮತ್ತೆ ಏಬ್ರಾಮ್ಸರಿಗೆ. ರೇ ಪಾತ್ರ ವಹಿಸಿದ ಡೇಸಿ ರಿಡ್ಲಿಯವರೇ ೨೦೨೦ರಲ್ಲಿ ಹೇಳಿದಂತೆ, ಅವಳು ಯಾರ ಮಗಳೆಂಬುದು ಚಿತ್ರಗಳು ತಯಾರಾಗುತ್ತಿರುವಾಗಲೇ ಬದಲಾಗುತ್ತ ಹೋಯಿತು. ೨೦೧೮ರಲ್ಲಿ ಬಂದ 'ಸೋಲೋ' ಚಿತ್ರದ್ದೂ ಇದೇ ಪಾಡು: ಚಿತ್ರೀಕರಣದ ನಡುವೆ ಇಬ್ಬರು ನಿರ್ದೇಶಕರನ್ನು ತೆಗೆದು ಇನ್ನೊಬ್ಬರನ್ನು ತಂದರು, ಚಿತ್ರ ನಷ್ಟಕ್ಕೆ ಬಿತ್ತು. ಜಾನ್ಸನ್ನರಿಂದ ಇನ್ನು ಮೂರು ಚಿತ್ರಗಳೆಂದು ೨೦೧೭ರಲ್ಲಿ ಸಾರಿದರು, ಬೇರಿಬ್ಬರಿಂದ ಒಂದು ಸರಣಿಯೆಂದು ೨೦೧೮ರಲ್ಲಿ. ಪ್ಯಾಟಿ ಜೆಂಕಿನ್ಸರ ಚಿತ್ರ ೨೦೨೩ಕ್ಕೆ ಬಿಡುಗಡೆಯೆಂದು ೨೦೨೦ರಲ್ಲಿ ತಾರೀಕನ್ನೂ ಕೊಟ್ಟರು. ೨೦೨೩ ಬಂದು ಹೋಯಿತು, ಚಿತ್ರ ಬರಲಿಲ್ಲ. ೨೦೧೯ರ ಬಳಿಕ ವರ್ಷಗಟ್ಟಲೆ ಚಿತ್ರಮಂದಿರಕ್ಕೆ ಒಂದೂ ಹೊಸ ಭಾಗ ಬರದೆ ಹೋದುದಕ್ಕೆ ಹಣದ ಕೊರತೆ ಕಾರಣವಲ್ಲ. ೨೦೧೫ರ ಚಿತ್ರದ ಗಳಿಕೆಯೇ ೨೦೦ ಕೋಟಿ ಡಾಲರನ್ನು ಮೀರಿತ್ತು.

ನಮ್ಮ ಮನೆಯಲ್ಲಿ ಅಭಿಮಾನಿಯ ಸಿಟ್ಟು ಹೊಸ ವಸ್ತುವಲ್ಲ. ಅಜ್ಜನಿಗೆ ಯಕ್ಷಗಾನದ ಹುಚ್ಚು. ತಿರುಗಾಟ ಆರಂಭವಾದರೆ ಪತ್ತನಾಜೆಯವರೆಗೆ, ಎಲ್ಲಿ ಯಾವ ಮೇಳದ ಆಟವಿದ್ದರೂ ಟಾರ್ಚು ಹಿಡಿದು ಹೊರಡುವವರು. ೨೦೨೨ರಲ್ಲಿ ಕಟೀಲಿನ ಮೇಳಗಳೂ ಕಾಲಮಿತಿಯ ಆಟಕ್ಕೆ ಇಳಿದಾಗ ಅಜ್ಜ ಎರಡು ದಿನ ಸರಿಯಾಗಿ ಉಂಡಿರಲಿಕ್ಕಿಲ್ಲ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬ ಕಾನೂನು ೨೦೦೦ನೆಯ ಇಸವಿಯದು, ಬೇರೆ ಕೆಲವು ಮೇಳಗಳು ಅದಕ್ಕೂ ಮೊದಲೇ ಕಾಲಮಿತಿಗೆ ಹೋಗಿದ್ದವು ಎಂದು ನಾನು ಸಮಾಧಾನ ಹೇಳಿದರೆ ಅವರಿಗೆ ಇನ್ನಷ್ಟು ರೇಗಿತು. 'ದೇವೀಮಹಾತ್ಮೆ'ಯ ಮಹಿಷಾಸುರ ನಡುರಾತ್ರಿಯ ಕತ್ತಲಲ್ಲಿ, ದೊಂದಿಗಳ ಬೆಳಕಿನಲ್ಲಿ, ಕುಳಿತವರ ನಡುವಿನಿಂದ ಅಬ್ಬರಿಸುತ್ತ ರಂಗಸ್ಥಳಕ್ಕೆ ಬರಬೇಕು. ಹಾಗಲ್ಲದೆ ಊಟದ ಹೊತ್ತಿಗೆ ಬಂದರೆ ಅದು ಮಹಿಷಾಸುರನಲ್ಲ, ಮನೆಗೆ ಬಂದ ನೆಂಟ ಎಂದು ಅವರ ವಾದ. ಊರೂರಲ್ಲಿ ಅಂದು ಇದೇ ಮಾತು. ಭಕ್ತರು, ಅಭಿಮಾನಿಗಳು ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡರು.

ಅಜ್ಜನ ಈ ಸಿಟ್ಟನ್ನೂ ನನ್ನ ಸಿಟ್ಟನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನನಗೊಂದು ಭೇದ ಕಂಡಿತು. ಅಜ್ಜ ಮುನಿಸಿಕೊಂಡದ್ದು ಒಂದು ಮೇಳದ ಮೇಲೆ, ಕಥೆಯ ಮೇಲಲ್ಲ. ಆ ಮೇಳ ಹಿಡಿಸದಿದ್ದರೆ ಇನ್ನೊಂದು ಮೇಳವುಂಟು, ಯಾವುದೂ ಬೇಡವಾದರೆ ತಾಳಮದ್ದಳೆಯುಂಟು. ಕಥೆಗೆ ಯಜಮಾನರಿಲ್ಲ. ಪುತ್ತೂರಿನ ಬಾಲವನದಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರು ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸಫೋನುಗಳನ್ನು ಸೇರಿಸಿ, ಮಾತನ್ನು ಕಡಮೆಮಾಡಿ ನೃತ್ಯರೂಪಕಗಳನ್ನು ಕಟ್ಟಿದರು. ಮಾತೇ ಜೀವವೆಂದು ನಂಬಿದ ತೆಂಕಿನ ಅಭಿಮಾನಿಗಳಿಗೆ ಅದು ಹೇಗೆ ಒಪ್ಪಿಗೆಯಾದೀತು? ಆದರೆ ಅದರಿಂದ ಅವರ ಆಟವೇನೂ ನಿಲ್ಲಲಿಲ್ಲ. ಕಾರಂತರ ಪ್ರಯೋಗ ಒಂದು ಕಡೆ ನಡೆಯಿತು, ಮೇಳಗಳ ತಿರುಗಾಟ ಇನ್ನೊಂದು ಕಡೆ.

ಕೋಟಿ ಚೆನ್ನಯರನ್ನೇ ನೋಡೋಣ. ಅವರು ನಮ್ಮ ಪುತ್ತೂರಿನ ಪಡುಮಲೆಯಲ್ಲಿ ಹುಟ್ಟಿ, ಎಣ್ಮೂರಿನಲ್ಲಿ ಮಡಿದವರು. ಮದ್ದು ಬಲ್ಲ ದೇಯಿ ಬೈದೆದಿಯ ಮಕ್ಕಳು; ಅರಮನೆಯವರಲ್ಲ. ಅವರ ಕಥೆ ಪಾಡ್ದನದಲ್ಲುಂಟು, ಗರಡಿಗಳ ನೇಮದಲ್ಲುಂಟು, ಯಕ್ಷಗಾನದಲ್ಲುಂಟು; ೧೯೭೩ರಲ್ಲಿ ವಿಶುಕುಮಾರರು ತೆಗೆದ ತುಳು ಚಿತ್ರದಲ್ಲುಂಟು. ಒಂದರಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ನಾಳೆ ಯಾರೋ ಒಬ್ಬ ಧನಿಕ ಈ ಕಥೆಯ ಹಕ್ಕನ್ನು ಕ್ರಯಕ್ಕೆ ಪಡೆದು, "ಅವರು ನಿಜಕ್ಕೂ ಬಲ್ಲಾಳನ ಮೊಮ್ಮಕ್ಕಳು, ಇನ್ನು ಮುಂದೆ ಇದೇ ಸತ್ಯ" ಎಂದು ಸಾರಿದನೆನ್ನಿ. ಎಣ್ಮೂರಿನವರು ಮೊದಲು ನಗುತ್ತಾರೆ. ಆಮೇಲೆ ಏನು ಮಾಡುತ್ತಾರೆಂದು ನಾನು ಬರೆಯುವುದಿಲ್ಲ. ನೇಜಿ ನೆಡುವ ಹೆಂಗಸರಂತೂ ತಾವು ಕಲಿತ ಪಾಡ್ದನವನ್ನೇ ಹೇಳಿಕೊಂಡು ಗದ್ದೆ ಮುಗಿಸುತ್ತಾರೆ.

ರೇಯ ಅಭಿಮಾನಿಗೆ ಆ ಭಾಗ್ಯವಿಲ್ಲ. ಅಲ್ಲಿ ಇರುವುದು ಒಂದೇ ಮೇಳ, ಅದರ ಯಜಮಾನರು ಹೇಳಿದ್ದೇ ಕಥೆ. ೧೯೯೧ರಿಂದ ಬರುತ್ತಿದ್ದ ಒಂದು ದೊಡ್ಡ ಸಾಲಿನ ಕಾದಂಬರಿಗಳಿದ್ದವು. ೨೦೧೪ರ ಏಪ್ರಿಲಿನಲ್ಲಿ ಒಂದು ಪ್ರಕಟಣೆಯ ಮೂಲಕ ಅವೆಲ್ಲ ದಂತಕಥೆಗಳು, ನಿಜವಾದ ಕಥೆಗೆ ಸೇರಿದವಲ್ಲ ಎಂದುಬಿಟ್ಟರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವನ್ನು ಓದಿಕೊಂಡು ಬಂದವರ ಗತಿ? ಮಾರುವುದಕ್ಕಿಂತ ಮೊದಲೂ ಸ್ಥಿತಿ ಬೇರೆಯಾಗಿರಲಿಲ್ಲವೆನ್ನಿ. ಹಳೆಯ ಚಿತ್ರಗಳಿಗೆ ಬಣ್ಣ ಬಳಿದು ಬದಲಿಸುವುದು ತಪ್ಪೆಂದು ೧೯೮೮ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಸಾಕ್ಷಿ ನುಡಿದ ಲ್ಯೂಕಸರೇ ೧೯೯೭ರಲ್ಲಿ ತಮ್ಮ ಹಳೆಯ ಮೂರು ಚಿತ್ರಗಳನ್ನು ತಿದ್ದಿ ಮತ್ತೆ ತೆರೆಗೆ ತಂದರು. ಮೊದಲು ಗುಂಡು ಹಾರಿಸುತ್ತಿದ್ದವನು ತಿದ್ದಿದ ಮೇಲೆ ಎರಡನೆಯವನಾದ. ಜನ ಕೂಗಾಡಿದರು. ಯಜಮಾನರು ಅವರೇ ಆದ್ದರಿಂದ ತಿದ್ದಿದ್ದೇ ಉಳಿಯಿತು.

ಸುಳ್ಯದ ಗೆಳತಿ ಇದಕ್ಕೊಂದು ಒಳ್ಳೆಯ ಆಕ್ಷೇಪ ತಂದಳು. "ನಿನ್ನ ಯಜಮಾನರಿಲ್ಲದ ಪುರಾಣದಲ್ಲಿ ಕರ್ಣನ ಕಥೆ ಎಂತಾಯಿತು? ಸೂತನ ಮಗನೆಂದು ಬೆಳೆದವನು ಕೊನೆಗೆ ಕುಂತಿಯ ಮಗ, ಸೂರ್ಯನ ಮಗ. ಅಲ್ಲಿಯೂ ರಕ್ತದ ಲೆಕ್ಕವೇ ಅಲ್ಲವಾ?" ಗಂಟೆ ಹೊಡೆಯದಿದ್ದರೆ ನಾನು ಅಂದು ಹೇಳಬೇಕೆಂದಿದ್ದುದು ಇದು. ಕರ್ಣ ಯಾರ ಮಗನೆಂದು ನೋಡುವ ನಮಗೆ ಮೊದಲೇ ತಿಳಿದಿರುತ್ತದೆ; ತಿಳಿಯದ್ದು ಅವನಿಗೆ ಮಾತ್ರ. ತಿಳಿದ ಮೇಲೆ ಅದು ಅವನಿಗೆ ಪದವಿಯಾಗಲಿಲ್ಲ, ಸಂಕಟವಾಯಿತು. ಆ ಮನೆತನವನ್ನು ಅವನು ಒಲ್ಲೆನೆಂದ, ರಾಧೆಯ ಮಗನಾಗಿಯೇ ಸತ್ತ. ನಮ್ಮ ಅರ್ಥಧಾರಿಗಳು ಒಂದು ರಾತ್ರಿ ಅವನನ್ನು ದಾನಶೂರನನ್ನಾಗಿ, ಇನ್ನೊಂದು ರಾತ್ರಿ ಕುಲದ ಪ್ರಶ್ನೆ ಎತ್ತುವ ಬಂಡುಕೋರನನ್ನಾಗಿ ಮಾಡುವುದುಂಟು. ಪದ್ಯ ಅದೇ, ಕರ್ಣ ಬೇರೆ. ರೇಯ ಮನೆತನವಾದರೋ ಕೊನೆಯ ಭಾಗದಲ್ಲಿ ಹಿಂದಿನ ಭಾಗದ ಮಾತನ್ನು ಅಳಿಸಿ ಅಂಟಿಸಿದ ಕಾಗದ. ಗೆಳತಿ ಇದನ್ನು ಓದಿ ಪೂರ್ತಿ ಒಪ್ಪುತ್ತಾಳೆಂದು ನನಗೆ ನಂಬಿಕೆಯಿಲ್ಲ.

ಯಜಮಾನರು ಅಭಿಮಾನಿಗಳ ಮಾತು ಕೇಳಬೇಕು, ಕೇಳದೆ ಹೋದುದೇ ಹಾಳಾಗಲು ಕಾರಣವೆಂದು ಬೆಂಚಿನಲ್ಲಿ ಹೆಚ್ಚಿನವರು ಹೇಳುತ್ತಾರೆ. ನನಗೆ ಕಂಡದ್ದು ತಲೆಕೆಳಗು. ೨೦೧೭ರಲ್ಲಿ ಎದ್ದ ಕೂಗಿನ ಮುಂದೆ ೨೦೧೯ರ ಚಿತ್ರವನ್ನು ಇಟ್ಟು ನೋಡಿ: ಜನ ಬೈದದ್ದೆಲ್ಲ ಹೋಗಿದೆ, ಕೇಳಿದ ಮನೆತನ ಬಂದಿದೆ, ಹಂಗಿಸಿದ ಹುಡುಗಿ ಬದಿಗೆ ಸರಿದಿದ್ದಾಳೆ. ಅವರ ಮನಸ್ಸಿನಲ್ಲೇನಿತ್ತೆಂದು ನಾನು ಬಲ್ಲವನಲ್ಲ, ಪರದೆಯ ಮೇಲೆ ಕಂಡದ್ದು ಮಾತ್ರ ಹಾಗೆಯೇ ಕಂಡಿತು. ಅಷ್ಟಾಗಿ ಅದು ಕೂಗಿದವರಿಗಾದರೂ ಹಿಡಿಸಿತೇ? ಅದೂ ಇಲ್ಲ. ಅಜ್ಜನಿಗೆ ಈ ಸಂಗತಿಯನ್ನು ವಿವರಿಸಿದಾಗ ಅವರು ಎಲೆಯಡಕೆ ಉಗುಳಿ ಬಂದು ಹೇಳಿದರು: "ಆಟ ನೋಡುವವರು ಕೂಗುತ್ತಾರೆ ಪುಳ್ಳಿ. ನಾನೂ ಕೂಗುತ್ತೇನೆ. ಕೂಗಿದರು ಅಂತ ಭಾಗವತ ತಾಳ ಬಿಡುವುದುಂಟಾ?" ಇಡೀ ರಾತ್ರಿಯ ಆಟದಲ್ಲಿ ಮೊದಲ ಜಾವಕ್ಕೆ ಒಬ್ಬ ಭಾಗವತರು, ಬೆಳಗಿನ ಜಾವಕ್ಕೆ ಇನ್ನೊಬ್ಬರು ಕೂರುವುದುಂಟು, ಸ್ವರ ಬೇರೆ, ಶೈಲಿ ಬೇರೆ. ಆದರೆ ಸಂಜೆಗೆ ಸತ್ತ ವೇಷವನ್ನು ಬೆಳಗ್ಗಿನವರು ಎಬ್ಬಿಸಿ ಕುಣಿಸಿದ್ದನ್ನು ಅಜ್ಜ ತಮ್ಮ ಎಪ್ಪತ್ತು ವರ್ಷಗಳಲ್ಲಿ ಕಂಡಿಲ್ಲವಂತೆ.

ಅಮ್ಮನ ಅಭಿಪ್ರಾಯವನ್ನೂ ಬರೆಯುವುದು ನ್ಯಾಯ. ಆ ದಿನ ಸಿಟ್ಟಿನಲ್ಲಿದ್ದ ನನ್ನಿಂದ ಅವಳು ಕಥೆಯ ಕೊನೆಯನ್ನು ಕೇಳಿ ತಿಳಿದುಕೊಂಡಳು. ಗುಜರಿ ಹೆಕ್ಕುವ ಆ ಹುಡುಗಿ ಚಕ್ರವರ್ತಿಯ ಮೊಮ್ಮಗಳಂತೆ ಎಂದೆ. ಅಮ್ಮ ನೂಲು ಸುತ್ತುತ್ತ, ಕಣ್ಣೆತ್ತದೆ, "ಅವಳು ಹಸಿದುಕೊಂಡಿದ್ದಾಗ ಆ ಅಜ್ಜ ಎಲ್ಲಿದ್ದ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಒಂದು ಹೊತ್ತಿನ ಊಟ ಕಳಿಸಿದ್ದನಾ?" ಸಾವಿರಾರು ಅಭಿಮಾನಿಗಳು ಬರೆದ ಟೀಕೆಗಳಲ್ಲಿ ಕೆಲವನ್ನು ನಾನು ಓದಿದ್ದೇನೆ. ಈ ಪ್ರಶ್ನೆಯನ್ನು ಅವುಗಳಲ್ಲಿ ಕಾಣಲಿಲ್ಲ.

ಇಷ್ಟೆಲ್ಲ ದೂರಿದವನು ಇನ್ನೊಂದು ಮಾತನ್ನು ಬಿಟ್ಟರೆ ಪಕ್ಷಪಾತವಾದೀತು. ಅದೇ ಸಂಸ್ಥೆಯಿಂದ, ಅದೇ ಮುಖ್ಯಸ್ಥೆಯ ಕಾಲದಲ್ಲಿ, ೨೦೨೨ರಲ್ಲಿ 'ಆಂಡೋರ್' ಎಂಬ ಧಾರಾವಾಹಿ ಬಂತು. ಟೋನಿ ಗಿಲ್ರಾಯ್ ಎಂಬವರ ಕೃತಿ. ಅದರಲ್ಲಿ ಬೆಳಕಿನ ಕತ್ತಿ ಹಿಡಿದ ಮಹಾಪುರುಷರಿಲ್ಲ, ಮನೆತನದ ಗುಟ್ಟಿಲ್ಲ. ಫೆರಿಕ್ಸ್ ಎಂಬ ಊರು. ಹಳೆಯ ಹಡಗುಗಳನ್ನು ಬಿಚ್ಚಿ ಗುಜರಿ ಮಾಡುವ ಕೂಲಿಗಳು. ಅವರ ಕೆಲಸದ ಗಂಟೆ, ಸಾಲ, ಚಾಡಿ, ಮುಷ್ಕರದಂಥ ಒಂದು ಕೊನೆ. ಆ ಊರಿನಲ್ಲಿ ಸತ್ತವರ ಬೂದಿಯನ್ನು ಕಲಸಿ ಇಟ್ಟಿಗೆ ಮಾಡಿ ಊರಿನ ಗೋಡೆಗೆ ಸೇರಿಸುತ್ತಾರೆ. ಒಬ್ಬ ಮುದುಕಿಯ ಶವಯಾತ್ರೆಯಲ್ಲಿ ಊರವರು ಬಾಜಾ ಬಾರಿಸುತ್ತ ಬರುವ ದೃಶ್ಯವನ್ನು ನಾನು ಕಾಲೇಜಿನ ವೈಫೈಯಲ್ಲಿ ನೋಡಿದ್ದು, ಗ್ರಂಥಪಾಲಕರು ಕ್ಷಮಿಸಬೇಕು. ಅದರ ಎರಡನೆಯ ಭಾಗ ೨೦೨೫ರಲ್ಲಿ ಬಂದಿದೆ. ಆರನೆಯ ಸೆಮಿಸ್ಟರಿನ ಪರೀಕ್ಷೆ ಮುಗಿಯದೆ ಅದನ್ನು ಮುಟ್ಟುವುದಿಲ್ಲವೆಂದು ಮನೆಯಲ್ಲಿ ಮಾತು ಕೊಟ್ಟಿದ್ದೇನೆ. ಆ ಹೊತ್ತಿಗೆ ಮಳೆ ಹಿಡಿದಿರುತ್ತದೆ, ಕರೆಂಟು ಇದ್ದರೆ ಇತ್ತು. ಆ ಇಟ್ಟಿಗೆಯ ಊರಿನವರಿಗೆ ಮುಂದೇನಾಯಿತೆಂದು ಅಮ್ಮ ಈಗಾಗಲೇ ಎರಡು ಸಲ ಕೇಳಿದ್ದಾಳೆ.